ಐಡಿ ಫೋಟೋ ಮನೆಯಲ್ಲೇ ಮಾಡಿಕೊಳ್ಳಿ, ಫೈಲ್ ನಿಮ್ಮ ಹತ್ರಾನೇ ಇರಲಿ

ನೇರವಾಗಿ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್ ಸೈಜ್ ಫೋಟೋ ಮಾಡುವುದನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿತಿರಬೇಕು. ದುಡ್ಡು ಉಳಿಯುತ್ತದೆ, ನಿಜ, ಆದರೆ ಅದು ಆಮೇಲಿನ ಮಾತು. ನಮ್ಮ ಮುಖದ ಫೈಲ್ ನಮ್ಮ ಕೈಯಲ್ಲಿರಬೇಕು, ಅದರಲ್ಲಿ ಕಾಣುವುದು ನಮ್ಮ ಮುಖವೇ ಆಗಿರಬೇಕು. ನಾನು ಹೇಳುತ್ತಿರುವುದು ಅದಕ್ಕೋಸ್ಕರ.

ತುಮಕೂರಿನಲ್ಲಿ ಜೂನ್ ತಿಂಗಳು ಅಂದ್ರೆ ಗೊತ್ತಲ್ವಾ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯಿಂದ ಮಕ್ಕಳು ಬಂದು ಕಾಲೇಜು ಸೇರುವ ಸಮಯ. ಅಡ್ಮಿಷನ್‌ಗೆ ಫೋಟೋ, ಹಾಸ್ಟೆಲ್ ಅರ್ಜಿಗೆ ಫೋಟೋ, ಬಸ್ ಪಾಸ್‌ಗೆ, ಸ್ಕಾಲರ್‌ಶಿಪ್‌ಗೆ, ಬ್ಯಾಂಕ್ ಖಾತೆಗೆ ಎಲ್ಲದಕ್ಕೂ ಫೋಟೋ. ಒಂದು ಕಡೆ ಅಂಟಿಸಬೇಕು, ಇನ್ನೊಂದು ಕಡೆ ಅಪ್‌ಲೋಡ್ ಮಾಡಬೇಕು. ಮಕ್ಕಳು ಸೈಬರ್ ಸೆಂಟರ್‌ಗೆ ಹೋಗಿ ಕೂರುತ್ತಾರೆ. ಅಲ್ಲಿನ ಕಂಪ್ಯೂಟರ್ ಪರದೆಯನ್ನು ಒಮ್ಮೆ ಗಮನಿಸಿ. ಯಾರ್ಯಾರದೋ ಫೋಟೋ, ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲಾ ಡೆಸ್ಕ್‌ಟಾಪ್ ಮೇಲೆ ಹಾಗೇ ಬಿದ್ದಿರುತ್ತವೆ. ಅಂಗಡಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಗಿರಾಕಿಗಳ ಮೇಲೆ ಗಿರಾಕಿ, ಅಳಿಸೋಕೆ ಪುರುಸೊತ್ತು ಇರಲ್ಲ. ಆದರೆ ಹದಿನೇಳು ಹದಿನೆಂಟು ವರ್ಷದ ಹುಡುಗಿಯರ ಫೋಟೋ, ಹೆಸರು, ಫೋನ್ ನಂಬರ್ ಸಮೇತ, ಯಾರು ಬೇಕಾದರೂ ಪೆನ್‌ಡ್ರೈವ್ ಚುಚ್ಚಿ ಎತ್ತಿಕೊಂಡು ಹೋಗಬಹುದಾದ ಜಾಗದಲ್ಲಿ ಇದೆ ಅನ್ನುವುದು ನನಗೆ ನಿಜವಾಗಲೂ ಭಯದ ವಿಷಯ.

ಇನ್ನು ಬೆಳ್ಳಗೆ ಮಾಡುವ ಕಥೆ. ನನ್ನ ತಂಗಿ ಮಗಳು ಒಂದು ಕಡೆ ಫೋಟೋ ತೆಗೆಸಿಕೊಂಡು ಬಂದಳು. ಮಗು ಎಣ್ಣೆಗೆಂಪು ಬಣ್ಣ, ಲಕ್ಷಣವಾಗಿದ್ದಾಳೆ. ಫೋಟೋದಲ್ಲಿ ಮುಖ ಸುಣ್ಣ ಬಳಿದ ಹಾಗಿದೆ, ಕೆನ್ನೆಯ ಮೇಲಿನ ಮಚ್ಚೆ ಮಾಯ. ಅವಳು ಕೇಳಿರಲಿಲ್ಲ, ಅವರೇ ಮಾಡಿಕೊಟ್ಟಿದ್ದಾರೆ, ಉಪಕಾರ ಅಂದುಕೊಂಡು. ಗುರುತಿನ ಚೀಟಿಗೆ ಹಾಕುವ ಫೋಟೋದಲ್ಲಿ ಗುರುತನ್ನೇ ಅಳಿಸಿದರೆ ಹೇಗೆ ಸ್ವಾಮಿ? ಪರೀಕ್ಷಾ ಹಾಲ್‌ನಲ್ಲಿ ಹಾಲ್ ಟಿಕೆಟ್ ಹಿಡಿದು ಮುಖ ನೋಡುವವರಿಗೆ ಅನುಮಾನ ಬಂದರೆ ಉತ್ತರ ಹೇಳಬೇಕಾದವಳು ಆ ಹುಡುಗಿ. ಅದಕ್ಕಿಂತ ಹೆಚ್ಚಾಗಿ, ನಿನ್ನ ಬಣ್ಣ ಇದ್ದ ಹಾಗೇ ಇದ್ದರೆ ಸರಿಯಿಲ್ಲ ಅಂತ ಆ ವಯಸ್ಸಿನ ಮಗುವಿಗೆ ನಾವು ಪದೇಪದೇ ಹೇಳಿದ ಹಾಗಾಗುತ್ತದೆ. ಇದು ನನಗೆ ತುಂಬಾ ನೋವಿನ ವಿಷಯ.

ಸರಿ, ಮನೆಯಲ್ಲಿ ಮಾಡುವುದು ಹೇಗೆ? ಇದಕ್ಕೆ ಕಂಪ್ಯೂಟರ್‌ನಲ್ಲಿ ಫೋಟೋ ತಿದ್ದುವ ಜಿಂಪ್ (GIMP) ಅನ್ನುವ ಸಾಫ್ಟ್‌ವೇರ್ ಸಾಕು. 1995ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ್ದು, ಇವತ್ತಿಗೂ ಉಚಿತ. ವಿಂಡೋಸ್‌ನಲ್ಲೂ ನಡೆಯುತ್ತದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಡ. 'ಫ್ರೀ ಪಾಸ್‌ಪೋರ್ಟ್ ಫೋಟೋ' ಅಂತ ವೆಬ್‌ಸೈಟ್‌ಗಳು ಬೇಕಾದಷ್ಟಿವೆ, ಆದರೆ ಅಲ್ಲಿ ಫೋಟೋ ಹಾಕಿದರೆ ಸಾಮಾನ್ಯವಾಗಿ ಅದು ಹೋಗುವುದು ಬೇರೆ ಯಾರದೋ ಕಂಪ್ಯೂಟರ್‌ಗೆ. ಸೈಬರ್ ಸೆಂಟರ್ ಬೇಡ ಅಂತ ಬಂದು ಅಲ್ಲಿ ಕೊಟ್ಟರೆ ಏನು ಬಂತು?

ಮೊದಲು ಫೋಟೋ ತೆಗೆಯುವುದು. ಮುಕ್ಕಾಲು ಕೆಲಸ ಇಲ್ಲೇ ಇದೆ. ಬಿಳಿ ಗೋಡೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಕಟ್ಟಿ. ಗೋಡೆಗೆ ಅಂಟಿಕೊಂಡು ನಿಲ್ಲಬೇಡಿ, ಎರಡು ಮೂರು ಅಡಿ ಮುಂದೆ ಬನ್ನಿ, ಆಗ ನೆರಳು ಹಿಂದೆ ಬೀಳುವುದಿಲ್ಲ. ಮುಖ ಕಿಟಕಿಯ ಕಡೆಗಿರಲಿ, ಆದರೆ ಬಿಸಿಲು ನೇರವಾಗಿ ಬೀಳುವುದು ಬೇಡ. ಸೆಲ್ಫಿ ಬೇಡವೇ ಬೇಡ. ಇನ್ನೊಬ್ಬರ ಕೈಗೆ ಫೋನ್ ಕೊಟ್ಟು, ಹಿಂದಿನ ಕ್ಯಾಮೆರಾದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಐದಾರು ಅಡಿ ದೂರದಿಂದ ತೆಗೆಸಿ. ತುಂಬಾ ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣ ಕಾಣುತ್ತದೆ. ಬ್ಯೂಟಿ ಮೋಡ್, ಪೋರ್ಟ್ರೇಟ್ ಮೋಡ್ ಎರಡೂ ಆಫ್ ಇರಲಿ. ಕನ್ನಡಕದ ವಿಷಯ ಅರ್ಜಿಯಲ್ಲೇ ಓದಿಕೊಳ್ಳಿ, ಅಮೆರಿಕದ ವೀಸಾ ಫೋಟೋಗೆ 2016ರ ನವೆಂಬರ್‌ನಿಂದ ಕನ್ನಡಕ ಹಾಕುವ ಹಾಗಿಲ್ಲ.

ಆಮೇಲೆ ಅಳತೆ. ನಮ್ಮಲ್ಲಿ ಪಾಸ್‌ಪೋರ್ಟ್ ಸೈಜ್ ಅಂದರೆ ಸಾಮಾನ್ಯವಾಗಿ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಪ್ಯಾನ್ ಕಾರ್ಡ್ ಅರ್ಜಿಗೆ 25 ಮತ್ತು 35 ಮಿ.ಮೀ. ಅಮೆರಿಕದ ವೀಸಾಗೆ ಎರಡು ಇಂಚಿನ ಚೌಕ. ಇಂಚಿಗೆ 300 ಚುಕ್ಕಿ, ಅಂದರೆ 300 ಡಿಪಿಐ ಇದ್ದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ. ಒಂದು ಇಂಚು 25.4 ಮಿ.ಮೀ. ಮಿ.ಮೀ. ಅಳತೆಯನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿದರೆ 35ಕ್ಕೆ 413 ಪಿಕ್ಸೆಲ್ (ಅಂದರೆ ಚುಕ್ಕಿ), 45ಕ್ಕೆ 531 ಪಿಕ್ಸೆಲ್. ಇಷ್ಟೇ ಲೆಕ್ಕ, ಹೈಸ್ಕೂಲ್ ಮಕ್ಕಳು ಮಾಡುವಂಥದ್ದು.

ಜಿಂಪ್‌ನಲ್ಲಿ ಕ್ರಾಪ್ ಟೂಲ್ ತೆಗೆದುಕೊಂಡು, ಅದರ ಆಯ್ಕೆಗಳಲ್ಲಿ ಆಸ್ಪೆಕ್ಟ್ ರೇಶಿಯೋ, ಅಂದರೆ ಅಗಲ ಎತ್ತರದ ಅನುಪಾತ, ಫಿಕ್ಸ್ ಮಾಡಿ 35:45 ಅಂತ ಹಾಕಿ. ಗದ್ದದಿಂದ ನೆತ್ತಿವರೆಗೆ ಮುಖ ಫೋಟೋದ ಎತ್ತರದಲ್ಲಿ ನೂರಕ್ಕೆ 70ರಿಂದ 80ರಷ್ಟು ಬರುವ ಹಾಗೆ ಕತ್ತರಿಸಿ. ಸ್ಕೇಲ್ ಇಮೇಜ್‌ನಲ್ಲಿ 413 × 531 ಮಾಡಿ, ರೆಸಲ್ಯೂಶನ್ 300 ಕೊಡಿ. ಇದನ್ನು ಬೇರೆ ಹೆಸರಲ್ಲಿ ಉಳಿಸಿ, ಮೂಲ ಫೋಟೋ ಮುಟ್ಟಬೇಡಿ. ಜೆಪೆಗ್ (.jpg) ಫೈಲನ್ನು ತೆರೆದು ತಿದ್ದಿ ಮತ್ತೆ ಮತ್ತೆ ಉಳಿಸುತ್ತಿದ್ದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೆಡುತ್ತದೆ.

ಈಗ ಒಂದು ಹಾಳೆಯಲ್ಲಿ ಎಂಟು ಫೋಟೋ ಕೂರಿಸುವುದು. ನನಗೆ ಬಹಳ ಇಷ್ಟವಾದ ಭಾಗ ಇದು. ಕ್ಯಾನ್ವಾಸ್ ಸೈಜ್‌ಗೆ ಹೋಗಿ, ಅಗಲ ಎತ್ತರದ ನಡುವಿನ ಸರಪಳಿ ಗುರುತು ಬಿಡಿಸಿ, 450 × 600 ಪಿಕ್ಸೆಲ್ ಅಂತ ಹಾಕಿ, ಸೆಂಟರ್ ಒತ್ತಿ. ಹಿನ್ನೆಲೆ ಬಣ್ಣ ಬಿಳಿ ಇಟ್ಟುಕೊಂಡು ಇಮೇಜ್ ಮೆನುವಿನಲ್ಲಿ ಫ್ಲಾಟನ್ (ಪದರಗಳನ್ನೆಲ್ಲ ಒಂದು ಮಾಡುವುದು) ಒತ್ತಿದರೆ ಫೋಟೋ ಸುತ್ತ ಬಿಳಿ ಅಂಚು ಬರುತ್ತದೆ. ಪೂರ್ತಿ ಸೆಲೆಕ್ಟ್ ಮಾಡಿ ಕಾಪಿ ಮಾಡಿ. ಹೊಸ ಇಮೇಜ್ ತೆರೆಯಿರಿ, 1800 × 1200, ಅದಕ್ಕೂ 300 ಡಿಪಿಐ. ಇದು 6 × 4 ಇಂಚಿನ ಫೋಟೋ ಪೇಪರ್‌ಗೆ ಸರಿಯಾದ ಅಳತೆ. ನಾವು ಕಾಪಿ ಮಾಡಿದ್ದು ಪ್ಯಾಟರ್ನ್ ಪಟ್ಟಿಯಲ್ಲಿ ಮೊದಲನೆಯದಾಗಿ ಬಂದು ಕೂತಿರುತ್ತದೆ, ಅದನ್ನು ಎಳೆದು ಹೊಸ ಇಮೇಜ್ ಮೇಲೆ ಬಿಡಿ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಎರಡು, ಎಂಟು ಫೋಟೋ ಒಂದು ಪಿಕ್ಸೆಲ್ ಆಚೀಚೆ ಆಗದೆ ಕೂರುತ್ತವೆ!

ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಅನ್ನುವುದನ್ನು ತೆಗೆದು, ನೂರಕ್ಕೆ ನೂರು ಅಳತೆಯಲ್ಲೇ ಕೊಡಿ. ಮೊದಲು ಸಾದಾ ಹಾಳೆಯಲ್ಲಿ ತೆಗೆದು ಸ್ಕೇಲ್ ಇಟ್ಟು ನೋಡಿ. ಇಂಕ್‌ಜೆಟ್ ಪ್ರಿಂಟರ್ ಇದ್ದರೆ ಗ್ಲಾಸಿ ಫೋಟೋ ಪೇಪರ್ ಹಾಕಿ, ಆದರೆ ಆ ಪೇಪರನ್ನು ಲೇಸರ್ ಪ್ರಿಂಟರ್‌ಗೆ ಹಾಕಬೇಡಿ, ಒಳಗಿನ ಬಿಸಿಗೆ ಮೇಲಿನ ಲೇಪನ ಕರಗಿ ಪ್ರಿಂಟರ್ ಹಾಳಾಗಬಹುದು. ಪ್ರಿಂಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ಈ ಫೈಲನ್ನು ಕಲರ್ ಲ್ಯಾಬ್‌ಗೆ ಕೊಟ್ಟು 4 × 6ರ ಒಂದು ಪ್ರಿಂಟ್ ಹಾಕಿಸಿ, ಅಳತೆ ಬದಲಾಯಿಸಬೇಡಿ ಅಂತ ಹೇಳಿ.

ಅಪ್‌ಲೋಡ್ ಮಾಡುವುದಕ್ಕೆ ಅಳತೆ ಬೇರೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವುದು 200 × 230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ. ಜಿಂಪ್‌ನಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಟಿಕ್ ಮಾಡಿದರೆ ಫೈಲ್ ಎಷ್ಟು ಕೆಬಿ ಆಗುತ್ತದೆ ಅಂತ ಅಲ್ಲೇ ತೋರಿಸುತ್ತದೆ. ಕ್ವಾಲಿಟಿ ಮೇಲೆ ಕೆಳಗೆ ಮಾಡುತ್ತಾ ಬೇಕಾದಷ್ಟಕ್ಕೆ ತಂದು ನಿಲ್ಲಿಸಬಹುದು. ಸ್ಕ್ರೀನ್‌ಶಾಟ್ ತೆಗೆದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಸಣ್ಣದು ಮಾಡುವ ಒದ್ದಾಟ ಬೇಡ.

ಸ್ಟುಡಿಯೋದವರ ಹೊಟ್ಟೆ ಮೇಲೆ ಹೊಡೀತೀರಾ ಅಂತ ಯಾರಾದರೂ ಕೇಳಬಹುದು. ಒಳ್ಳೆಯ ಫೋಟೋಗ್ರಾಫರ್‌ಗೆ ಬೆಳಕಿನ ಬಗ್ಗೆ ಗೊತ್ತಿರುವುದು ನಮಗೆ ಗೊತ್ತಿರುವುದಿಲ್ಲ. ಮದುವೆ, ನಾಮಕರಣ, ಮನೆಯವರೆಲ್ಲ ಸೇರಿದ ಫೋಟೋ, ಇದಕ್ಕೆಲ್ಲ ಅವರೇ ಬೇಕು, ಅವರಿಗೆ ಕೈತುಂಬಾ ಕೊಡೋಣ. ಅವರ ಹತ್ತಿರ ಐಡಿ ಫೋಟೋ ತೆಗೆಸಿದರೂ ತಪ್ಪೇನಿಲ್ಲ, ಬೆಳ್ಳಗೆ ಮಾಡಬೇಡಿ ಅಂತ ಮೊದಲೇ ಹೇಳಿ, ಫೈಲ್ ಕೇಳಿ ಇಸ್ಕೊಳ್ಳಿ.

ಆದರೆ ಸ್ಟುಡಿಯೋ ತನಕ ಹೋಗಲಾರದವರು ಇದ್ದಾರೆ ನೋಡಿ. ಹಾಸಿಗೆ ಹಿಡಿದ ಅಜ್ಜಿಗೆ ಪಿಂಚಣಿ ಅರ್ಜಿಗೆ ಫೋಟೋ ಬೇಕು. ಅವರನ್ನು ಎತ್ತಿ ಆಟೋದಲ್ಲಿ ಕೂರಿಸಿ, ಸ್ಟುಡಿಯೋ ಮೆಟ್ಟಿಲು ಹತ್ತಿಸಿ ಸ್ಟೂಲ್ ಮೇಲೆ ಕೂರಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅವರು ಕೂತಲ್ಲೇ ಬೆನ್ನ ಹಿಂದೆ ಬಿಳಿ ಬಟ್ಟೆ ಹಿಡಿದರೆ ಆಯ್ತಲ್ಲ. ಹಸುಗೂಸಾದರೆ ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿನಿಂದ ತೆಗೆಯಬಹುದು.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಅಂತ ಮಾಡಿದ್ದಾರೆ, ಎಷ್ಟೋ ಕಡೆ ಕಂಪ್ಯೂಟರ್ ಇದೆ. ಅಲ್ಲಿ ಜಿಂಪ್ ಹಾಕಿ, ಹೈಸ್ಕೂಲ್ ಮಕ್ಕಳಿಗೆ ಒಂದು ಭಾನುವಾರ ಹೇಳಿಕೊಟ್ಟರೆ ಸಾಕು, ಆ ಮಕ್ಕಳೇ ಊರಿನವರಿಗೆ ಮಾಡಿಕೊಡುತ್ತಾರೆ. ಕೆಲಸ ಮುಗಿದ ಮೇಲೆ ಆ ಕಂಪ್ಯೂಟರ್‌ನಿಂದ ಫೈಲ್ ಅಳಿಸುವುದನ್ನೂ ಜೊತೆಗೇ ಕಲಿಸಬೇಕು. ತುಮಕೂರಿನ ಸುತ್ತಮುತ್ತ ಯಾವ ಗ್ರಂಥಾಲಯದವರು, ಶಾಲೆಯ ಮೇಷ್ಟ್ರು ಕರೆದರೂ ನಾನು ಬರುತ್ತೇನೆ, ಜಿಂಪ್ ಇನ್‌ಸ್ಟಾಲರ್ ಮತ್ತು ಎಂಟು ಫೋಟೋದ ಖಾಲಿ ಹಾಳೆಯ ಫೈಲ್ ಪೆನ್‌ಡ್ರೈವ್‌ನಲ್ಲಿ ತರುತ್ತೇನೆ. ಕಾಮೆಂಟ್‌ನಲ್ಲಿ ಫೋನ್ ನಂಬರ್ ಹಾಕಬೇಡಿ, ಮೆಸೇಜ್ ಮಾಡಿ.