ಪಿಎಫ್ಫೂ ಒಂದು ಇನಿಷಿಯಲ್ಲೂ

ಇವತ್ತು ಬೆಳಿಗ್ಗೆ ಮತ್ತೆ ಮೆಸೇಜು, ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದೆ ಅಂತ. ಹಳೇ ಕಂಪನಿ ಪಿಎಫ್ಫನ್ನ ಈಗಿನ ಅಕೌಂಟಿಗೆ ಸೇರಿಸಿ ಅಂದಿದ್ದೆ ಅಷ್ಟೇ, ಅವರಪ್ಪನ ಮನೆ ಗಂಟೇನೂ ಕೇಳಿರ್ಲಿಲ್ಲ. ಕಾರಣ, ಹೆಸರು ತಾಳೆ ಆಗ್ತಿಲ್ಲವಂತೆ. ಆಧಾರಲ್ಲಿ ಇನಿಷಿಯಲ್ಲು ಹೆಸರಿನ ಬಾಲದಲ್ಲಿದೆ, ಪ್ಯಾನಲ್ಲಿ ಅದೇ ಬಿಡಿಸ್ಕೊಂಡು ಅಪ್ಪನ ಪೂರ್ತಿ ಹೆಸರಾಗಿ ಕೂತಿದೆ, ಹಳೇ ಕಂಪನಿಯೋರು ತುಂಬಿದ್ರಲ್ಲಿ ಇನಿಷಿಯಲ್ಲೇ ಮಾಯ. ಕಂಪ್ಯೂಟರ್ ಲೆಕ್ಕಕ್ಕೆ ನಾವು ಮೂರು ಜನ, ಸಂಬಳ ಮಾತ್ರ ಒಬ್ಬಂದು.

2014ರಲ್ಲಿ ಯುಎಎನ್ ಬಂದಾಗ ಖುಷಿಯೋ ಖುಷಿ, ಎಷ್ಟು ಕೆಲಸ ಬದಲಾಯಿಸಿದ್ರೂ 12 ಅಂಕಿಯ ಒಂದೇ ನಂಬರು ಅಂತ. ನಂಬರೇನೋ ಜೊತೆಗೆ ಬಂತು, ದುಡ್ಡು ಹಳೇ ಕಂಪನಿ ಹೆಸರಿನ ಮೆಂಬರ್ ಐಡಿ ಅನ್ನೋ ಖಾತೇಲೇ ಕೂತಿದೆ. ತೆಗೆದುಬಿಡೋ ಅಂತಾನೆ ಫ್ರೆಂಡು, ಆದ್ರೆ ಐದು ವರ್ಷ ಸರ್ವೀಸ್ ತುಂಬೋಕ್ಮುಂಚೆ ತೆಗೆದ್ರೆ ಟ್ಯಾಕ್ಸು, ಪೆನ್ಷನ್ ಪಾಲನ್ನೂ ತೆಗೆದ್ರೆ ಅದಕ್ಕೆ ಬೇಕಾದ 10 ವರ್ಷದ ಲೆಕ್ಕಕ್ಕೂ ಕತ್ತರಿ, 2024-25ಕ್ಕೆ ಕೊಟ್ಟ 8.25 ಪರ್ಸೆಂಟ್ ಬಡ್ಡಿ ಯಾವ ದೊಡ್ಡ ಬ್ಯಾಂಕಲ್ಲಿ ಸಿಗುತ್ತಪ್ಪಾ?

ಹೆಸರು ತಿದ್ದೋಕೆ ಜಾಯಿಂಟ್ ಡಿಕ್ಲರೇಷನ್ನು, ಅಂದ್ರೆ ನಾನೂ ಕಂಪನಿಯೂ ಸೇರಿ ಕೊಡೋ ಅರ್ಜಿ, ಅದಕ್ಕೆ ಹಳೇ ಕಂಪನಿ ಒಪ್ಪಿಗೆ ಬೇಕು. ಅಲ್ಲಿನ ಎಚ್‌ಆರ್ ಬಹಳ ಸಾಧು ಮನುಷ್ಯ, ಯಾವತ್ತೂ ಆಗಲ್ಲ ಅಂದೋನಲ್ಲ. ಫೋನ್ ಮಾಡಿದ್ರೆ "ಮಾಡ್ಕೊಡೋಣ ಸರ್, ಒಂದು ಮೇಲ್ ಹಾಕಿಬಿಡಿ". ಹಾಕಿದೀನಲ್ಲ ಅಂದ್ರೆ "ಹೌದಾ, ಅದನ್ನೇ ಇನ್ನೊಂದ್ಸಲ ಫಾರ್ವರ್ಡ್ ಮಾಡಿ ಸರ್, ಮೇಲೆ ಬರುತ್ತೆ". ಮಾಡಿದ್ರೆ "ಸಬ್ಜೆಕ್ಟಲ್ಲಿ ಅರ್ಜೆಂಟ್ ಅಂತ ಹಾಕ್ಬೇಕಿತ್ತು ಸರ್". ಅದನ್ನೂ ಹಾಕಿ ಕಳ್ಸಿದ್ರೆ, ನಿಟ್ಟುಸಿರು ಬಿಟ್ಟು, "ಏನ್ ಮಾಡೋದು ಸರ್, ಎಲ್ಲರೂ ಅರ್ಜೆಂಟ್ ಅಂತಾನೇ ಹಾಕ್ತಾರೆ". ಸಬ್ಜೆಕ್ಟಲ್ಲಿ 'ಊಟ ಆಯ್ತಾ' ಅಂತ ಬರೆದಿದ್ರೆ ತೆರೀತಿದ್ನೇನೋ. ಬೈಯೋಣ ಅಂದ್ರೆ ಅಷ್ಟು ವಿನಯ, ಬೈದ್ರೆ ನಮಗೇ ಪಾಪ ಸುತ್ಕೊಳ್ಳುತ್ತೆ.

ಮೊನ್ನೆ ಸಿಟ್ಟಲ್ಲೇ ಪಾಸ್‌ಬುಕ್ ತೆಗೆದು ಕೆಳಗಿಂದ ಮೇಲಕ್ಕೆ ನೋಡ್ತಾ ಮೊದಲ ಕೆಲಸದ ಮೊದಲ ಸಾಲಿಗೆ ಹೋದೆ, ಬೇಸಿಕ್ಕಿನ 12 ಪರ್ಸೆಂಟು, ಅದೂ ಅರ್ಧ ತಿಂಗಳದ್ದು, ಚಿಲ್ಲರೆ ಕಾಸು. ಆಗ ಪೇ ಸ್ಲಿಪ್ಪಲ್ಲಿ ಅದ್ರ ಮೇಲೆ ಬೆರಳಿಟ್ಟು ಅಪ್ಪ "ಇದು ಇದೆ ಅನ್ನೋದನ್ನ ಮರ್ತುಬಿಡು" ಅಂದಿದ್ರು. ಮರ್ತಿದ್ದೆ ಕೂಡ. ಈಗ ಅಪ್ಪ ಇಲ್ಲ, ಅವರದೊಂದು ಅಕ್ಷರಕ್ಕೆ ಸಾಕ್ಷಿ ಕೇಳ್ತಿದಾರೆ.

ಇವತ್ತು ಮಧ್ಯಾಹ್ನ ಕೊನೆಗೂ ಆ ಮಹಾನುಭಾವನ ಉತ್ತರ ಬಂತು: ಹಳೇ ಐಡಿ ಕಾರ್ಡಿನ ಕಾಪಿ ಅಟ್ಯಾಚ್ ಮಾಡಿ ಸರ್. ಕೆಲಸ ಬಿಟ್ಟ ದಿನ ನನ್ನ ಕುತ್ತಿಗೆಯಿಂದ ಅದನ್ನ ಬಿಚ್ಚಿಸ್ಕೊಂಡು, ರಿಜಿಸ್ಟ್ರಲ್ಲಿ ಸೈನೂ ಹಾಕಿಸ್ಕೊಂಡೋನು ಇವನೇ.