ಮಿಸ್, ನಿಮಗೂ ಕೆಂಪಾ?

ನಾನು ಚಳ್ಳಕೆರೆ ಕಡೆಯವಳು. ನಮ್ಮೂರಲ್ಲಿ ಬಟ್ಟೆ ಹಿಂಡಿ ತಂತಿಗೆ ಹಾಕಿ, ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಹಪ್ಪಳ ಆಗಿರುತ್ತದೆ. ಅದೇ ಧೈರ್ಯದಲ್ಲಿ, ಕೊಡಗಿಗೆ ಪೋಸ್ಟಿಂಗ್ ಆದ ಮೊದಲ ವರ್ಷ, ಅದೂ ಜುಲೈ ತಿಂಗಳಲ್ಲಿ, ಆರನೇ ಕ್ಲಾಸಿಗೆ ನೀರು ಆವಿಯಾಗುವ ಪಾಠ ಶುರು ಮಾಡಿದೆ. ಒದ್ದೆ ಕರ್ಚೀಫನ್ನು ಕಿಟಕಿ ಸರಳಿಗೆ ಕಟ್ಟಿ, "ಪೀರಿಯಡ್ ಮುಗಿಯೋದ್ರೊಳಗೆ ಇದರ ನೀರು ಎಲ್ಲಿ ಹೋಯ್ತು ಅಂತ ನೀವೇ ಹೇಳ್ತೀರಿ" ಅಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಯಾರೂ ಏನೂ ಹೇಳಲಿಲ್ಲ. ಪಾಪ, ಹೊಸ ಮಿಸ್ಸು, ಬೇಜಾರು ಮಾಡೋದು ಬೇಡ ಅಂತ ಇರಬೇಕು.

ನಾಲ್ಕು ದಿನ ಆದರೂ ಒಣಗಲಿಲ್ಲ. ವಾಸನೆ ಬಂತು. ಎಂಟನೇ ದಿನ ಮೂಲೆಯಲ್ಲಿ ಕಪ್ಪು ಚುಕ್ಕಿ. "ಮಿಸ್, ಬೂಷ್ಟು!" ಗಾಳಿಯೇ ನೀರು ಕುಡಿದು ಕೂತಿದ್ದರೆ ಬಟ್ಟೆಯ ನೀರು ಹೋಗೋದಾದರೂ ಎಲ್ಲಿಗೆ ಅಂತ ತೇವಾಂಶದ ಕಥೆ ಹೇಳಿ, ಹಾಗೇ ಶಿಲೀಂಧ್ರಕ್ಕೆ ಜಾರಿಕೊಂಡೆ. ಉದಾಹರಣೆಗಳಿಗೆ ಬರ ಇರಲಿಲ್ಲ. ಒಬ್ಬಳ ಅಪ್ಪನ ಬೆಲ್ಟು, ಇನ್ನೊಬ್ಬನ ಸ್ಕೂಲ್ ಬ್ಯಾಗು, ನನ್ನದೇ ಚಪ್ಪಲಿ.

ಅದಾದ ಮೇಲೆ ಅಯಸ್ಕಾಂತ. ಇದಕ್ಕೆ ಮಳೆ ಏನೂ ಮಾಡೋಕಾಗಲ್ಲ ಅಂದುಕೊಂಡು ಕಬ್ಬಿಣದ ಪುಡಿಯನ್ನು ಕಾಗದದ ಮೇಲೆ ಹರಡಿ, ಎಲ್ಲರನ್ನೂ ಮೇಜಿನ ಸುತ್ತ ನಿಲ್ಲಿಸಿದ್ದೆ. ಕಾಲಲ್ಲಿ ಏನೋ ಒದ್ದೆ. ಸೀರೆ ಸ್ವಲ್ಪ ಎತ್ತಿ ನೋಡಿದರೆ ಪಾದದ ತುಂಬ ರಕ್ತ. ನಾನು ಕಿರುಚಿದ್ದು ಪಕ್ಕದ ನಾಲ್ಕನೇ ಕ್ಲಾಸಿಗೂ ಕೇಳಿಸಿತಂತೆ. ಕುರ್ಚಿ ಮೇಲೆ ಯಾವಾಗ ಹತ್ತಿದೆನೋ ಗೊತ್ತಿಲ್ಲ, ಕಬ್ಬಿಣದ ಪುಡಿ ಮಾತ್ರ ಎಲ್ಲರ ತಲೆ ಮೇಲೂ ಇತ್ತು.

"ಇಳೀರಿ ಮಿಸ್, ಅದು ಹೊಟ್ಟೆ ತುಂಬ್ಕೊಂಡು ಆಗಲೇ ಬಿದ್ದುಹೋಗಿದೆ" ಅಂದ ಹಿಂದಿನ ಬೆಂಚಿನವನು. ಮೇಜಿನಡಿ ತೂರಿ, ಸೀಮೆಸುಣ್ಣದ ಡಬ್ಬಿಯ ಮುಚ್ಚಳದಲ್ಲಿ ಜಿಗಣೆಯನ್ನು ಎತ್ತಿಕೊಂಡು ಬಂದ. ಕಪ್ಪು ದ್ರಾಕ್ಷಿಯ ಹಾಗೆ ಉಬ್ಬಿಕೊಂಡಿತ್ತು, ಅಷ್ಟೂ ನನ್ನ ರಕ್ತ. ಹಸಿದಿದ್ದು ಹೇಗಿರುತ್ತೆ ಅಂತ ತೋರಿಸೋಕೆ ಒಬ್ಬಳು ತನ್ನ ಕೊಡೆಯಿಂದಲೇ ಇನ್ನೊಂದನ್ನು ಬಿಡಿಸಿ ತಂದಳು. ದಾರದಷ್ಟು ಸಣ್ಣ. ಮುಂದಿನ ಬಾಯಿ ಊರುತ್ತೆ, ಹಿಂದಿನ ತುದಿಯನ್ನು ಎಳೆದುಕೊಳ್ಳುತ್ತೆ, ನಾವು ಗೇಣು ಹಾಕಿ ಅಳೀತೀವಲ್ಲ, ಹಾಗೆ ಮುಚ್ಚಳವನ್ನೇ ಅಳೆಯುತ್ತಾ ಹೊರಟಿತು. "ಈಗ ನೋಡಿ" ಅಂತ ಹುಡುಗ ಮೆಲ್ಲಗೆ ಉಸಿರು ಬಿಟ್ಟ. ಅದು ನಿಂತಲ್ಲೇ ತಲೆ ಎತ್ತಿ, ಆಡಿಸಿ ಆಡಿಸಿ, ಸರಿಯಾಗಿ ಅವನ ಕಡೆಗೇ ತಿರುಗಿತು. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ, ಹೆಜ್ಜೆಯ ಕಂಪನ, ಇವೇ ಅದಕ್ಕೆ ವಿಳಾಸ ಅಂತ ನಾನು ಓದಿದ್ದೆ. ಅವನು ನೋಡಿದ್ದ.

ಅಷ್ಟರಲ್ಲಿ ನನ್ನ ಕಾಲಿನ ರಕ್ತ ಇನ್ನೂ ನಿಂತಿರಲಿಲ್ಲ. ಯಾಕೆ ಅಂದರೆ ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ ಅಂತ ಹತ್ತಿ ಒತ್ತಿಕೊಂಡೇ ಪಾಠ ಮಾಡಿದೆ. ಗಲಾಟೆ ಕೇಳಿ ಬಿಸಿಯೂಟದ ಅಕ್ಕ ಉಪ್ಪು ಹಿಡಿದು ಓಡಿಬಂದರು. ಉಪ್ಪು ಅದರ ಮೈಯ ನೀರು ಎಳೆದುಬಿಡುತ್ತೆ, ಉಪ್ಪಿನಕಾಯಿಗೆ ಹೋಳು ಉಪ್ಪಲ್ಲಿಟ್ಟರೆ ನೀರು ಬಿಡಲ್ವಾ, ಅದೇ ಲೆಕ್ಕ.

"ಮಿಸ್, ಇದು ಗಂಡಾ ಹೆಣ್ಣಾ?"

ಎರೆಹುಳದ ಹಾಗೇ, ಎರಡೂ ಒಂದೇ ಮೈಯಲ್ಲಿ ಅಂದೆ.

"ಹಾಗಾದ್ರೆ ಅದು ಹುಡುಗರ ಸಾಲಲ್ಲಿ ಕೂರ್ಬೇಕಾ, ಹುಡುಗಿಯರ ಸಾಲಲ್ಲಾ?"

ಪುಣ್ಯಕ್ಕೆ ಬೆಲ್ ಹೊಡೆಯಿತು. ಅಯಸ್ಕಾಂತ ಮುಂದಿನ ವಾರಕ್ಕೆ ಹೋಯಿತು. (ಪುಡಿಯನ್ನು ತಲೆಗಳಿಂದ ಎತ್ತೋಕೆ ಆವತ್ತೇ ಬಳಸಿದ್ದೆವು ಅನ್ನಿ.)

ಆಮೇಲೆ ಬಂತು ಆಗಸ್ಟ್ 3, ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತೆ ಅನ್ನೋದು ಇಲ್ಲಿನ ನಂಬಿಕೆ. ಸೊಪ್ಪು ಕುದಿಸಿದರೆ ಬರುವ ನೇರಳೆ ಬಣ್ಣದ ರಸದಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡ್ತಾರೆ. ಕೊಡೆ ಹುಡುಗಿಯ ಮನೆಯಲ್ಲಿ ಕರೆದಿದ್ದರು. ಎರಡು ಬಟ್ಟಲು ತಿಂದೆ. ಅದರ ಬಗ್ಗೆ ಯಾರಾದರೂ ಒಂದು ಮಾತು ಹೇಳಬಾರದಾ?

ಮರುದಿನ ಬೆಳಿಗ್ಗೆ ಬಾತ್‌ರೂಮಿನಲ್ಲಿ ನನ್ನ ಕಾಲು ನಡುಗಿದವು. ಕೆಂಪು! ನನ್ನ ಕಥೆ ಮುಗೀತು ಅಂದುಕೊಂಡು, ಅಮ್ಮನಿಗೆ ಫೋನ್ ಮಾಡಲಾ ಬೇಡವಾ ಅಂತ ಯೋಚಿಸಿ, ಕೊನೆಗೆ ರಜೆ ಕೇಳೋಕೆ ಹೆಡ್‌ಮಾಸ್ಟರಿಗೆ ಮಾಡಿದೆ. ಹುಷಾರಿಲ್ಲ ಸರ್, ದೊಡ್ಡಾಸ್ಪತ್ರೆಗೆ ಹೋಗಬೇಕು, ಏನು ಅಂತ ಹೇಳೋಕಾಗಲ್ಲ ಅಂದೆ. ಆ ಕಡೆ ಒಂದು ಕ್ಷಣ ಮೌನ.

"ಎಷ್ಟು ಬಟ್ಟಲು ತಿಂದ್ರಿ ಟೀಚರೇ?"

ತಡವಾಗಿ ಕ್ಲಾಸಿಗೆ ಹೋದೆ. ಬಾಗಿಲಲ್ಲೇ ಇಡೀ ಕ್ಲಾಸು ಒಂದೇ ದನಿಯಲ್ಲಿ "ಮಿಸ್, ನಿಮಗೂ ಕೆಂಪಾ?" ಅಂತು. ಸರಿ, ಇನ್ನೇನು ಮುಚ್ಚಿಡೋದು, ಬೋರ್ಡ್ ಮೇಲೆ ಎರಡು ಮೂತ್ರಪಿಂಡ ಬರೆದು, ರಕ್ತ ಸೋಸುವಾಗ ಸೊಪ್ಪಿನ ಬಣ್ಣ ಹೇಗೆ ಹೊರಗೆ ಬರುತ್ತೆ ಅಂತ ಶುರು ಮಾಡಿದೆ. ಒಂದು ಬಟ್ಟಲಿಗೆ ಎಷ್ಟು ಕೆಂಪು, ಮೂರಕ್ಕೆ ಎಷ್ಟು ಅಂತ ಅವರಲ್ಲೇ ಚರ್ಚೆ ಎದ್ದಿತು. ಬಾಯಿ ತಪ್ಪಿ "ಹೋಲಿಸಿ ನೋಡಿದ್ರೆ ಗೊತ್ತಾಗುತ್ತೆ" ಅಂದುಬಿಟ್ಟೆ.

ಹಿಂದಿನ ಬೆಂಚಿನವನು ಆಗಲೇ ತನ್ನ ನೀರಿನ ಬಾಟಲಿಯನ್ನು ಕಿಟಕಿಯಿಂದ ಹೊರಗೆ ಖಾಲಿ ಮಾಡುತ್ತಿದ್ದ.