ಮತ್ತೆ ಪೆಟ್ರೋಲ್ ಪೈಪು!

ಇವತ್ತು ಬೆಳಿಗ್ಗೆ ಸಿಗ್ನಲ್‌ನಲ್ಲಿ ಗಾಡಿ ಮತ್ತೆ ನಿಂತಿತು. ಬಾನೆಟ್ ಎತ್ತಿದರೆ ಗಪ್ಪೆಂದು ಪೆಟ್ರೋಲ್ ವಾಸನೆ. ಕಾರ್ಬುರೇಟರ್‌ಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಒತ್ತಿದರೆ ಅಂಟಂಟು. ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅಲ್ಲಿಂದ ಒಂದೊಂದೇ ಹನಿ ಬಿಸಿ ಎಂಜಿನ್ ಮೇಲೆ. ಹಾಕಿಸಿ ಒಂದು ವರ್ಷವೂ ಆಗಿಲ್ಲ!

ನನ್ನದು 1965ರ ಮೋರಿಸ್ ಮೈನರ್ ಕಾರು, 1098 ಸಿಸಿ. ಇಡೀ ಆಯುಷ್ಯ ದುಡಿದು, ನಿವೃತ್ತಿಯಾದ ಮೇಲೆ ದಿನಾ ಓಡಿಸಬೇಕು ಅಂತಲೇ ಕೊಂಡದ್ದು. ಶೆಡ್ಡಿನಲ್ಲಿ ಹೊದಿಕೆ ಹೊದಿಸಿ ಪೂಜೆ ಮಾಡೋಕಲ್ಲ. ಪೆಟ್ರೋಲಿಗೆ ಎಥೆನಾಲ್ ಅನ್ನೋ ಆಲ್ಕೋಹಾಲ್ ಬೆರೆಸುವಾಗ ಇಂಥ ಗಾಡಿಗಳ ನೆನಪು ಯಾರಿಗಾದರೂ ಬಂತಾ? ಹಳೇ ಕಾಲದ ರಬ್ಬರನ್ನು ಅದು ತಿಂದು ಹಾಕುತ್ತೆ, ತೇವ ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತೆ. ಪೈಪು ಆಯ್ತು, ಪೆಟ್ರೋಲ್ ಪಂಪಿನೊಳಗಿನ ತೆಳು ಪದರ, ಡಯಾಫ್ರಾಮ್, ಆಯ್ತು, ಮತ್ತೆ ಪೈಪು. ಇನ್ನೆಷ್ಟು ಸಲ? ಹೊಸದು ಅಂತ ಅಂಗಡಿಯವರು ಕೊಡುವ ಪೈಪಿನ ಮೇಲೆ ಒಂದು ಗುರುತಿಲ್ಲ, ನಂಬರಿಲ್ಲ. ಇದು ಎಥೆನಾಲ್ ತಡೆಯುತ್ತಾ ಅಂತ ಕೇಳಿದರೆ, ‘ಎಲ್ಲರೂ ಇದನ್ನೇ ಹಾಕಿಸೋದು ಸಾರ್’ ಅಂತಾರೆ. ಅದೂ ಒಂದು ಉತ್ತರವಾ?

ಕೈ ನಡುಗುತ್ತಾ ಬ್ಯಾಟರಿ ವೈರ್ ಬಿಚ್ಚುತ್ತಿದ್ದೆ. ಹಿಂದಿನ ಕಾರಿನವರು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ.